ಲರ್ನಿಂಗ್ ಡಿಸೆಬಿಲಿಟಿ ತಂಡದಲ್ಲಿ ಅಸಿಸ್ಟೆಂಟ್ ಸೈಕಾಲಜಿಸ್ಟ್ ಕೆಲಸ: ಒಳಗಿದ್ದವರು ಸ್ವಲ್ಪ ಹೇಳ್ತೀರಾ?

ಕುಕ್ಕರಹಳ್ಳಿ_ಕೆರೆ
ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕೆಲಸದಲ್ಲಿರುವ ಕನ್ನಡದವರು ಇಲ್ಲಿ ಒಂದಷ್ಟು ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ಮೈಸೂರಿನಲ್ಲಿ ಸೈಕಾಲಜಿ ಎಂ.ಎಸ್‌ಸಿ ಮುಗಿಸಿ, ಅಲ್ಲೇ ಒಂದು ಶಾಲೆಯಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದ್ದೆ. ಮದುವೆಯಾಗಿ ಇಲ್ಲಿಗೆ ಬಂದು ಎರಡು ವರ್ಷವಾಯಿತು. ಎಂಟು ತಿಂಗಳಿಂದ, ದಿನದ ಬದುಕಿಗೆ ನೆರವು ಬೇಕಾದವರು ಇರುವ ಸಪೋರ್ಟೆಡ್ ಲಿವಿಂಗ್ ಮನೆಯೊಂದರಲ್ಲಿ ಸಪೋರ್ಟ್ ವರ್ಕರ್. ಮೂರು ಜನ ಇರುವ ಮನೆ. ಅಡುಗೆ, ಸ್ನಾನ, ಮಾತ್ರೆ, ಅಂಗಡಿ, ರಾತ್ರಿ ಪಾಳಿ, ಎಲ್ಲವೂ ನಮ್ಮದೇ.

23 ಅರ್ಜಿ ಹಾಕಿದ ಮೇಲೆ ಮೊದಲ ಸಲ ಇಂಟರ್‌ವ್ಯೂಗೆ ಕರೆ ಬಂದಿದೆ. ಕಮ್ಯುನಿಟಿ ಲರ್ನಿಂಗ್ ಡಿಸೆಬಿಲಿಟಿ ತಂಡ, ಬ್ಯಾಂಡ್ 4 (ಎನ್‌ಎಚ್‌ಎಸ್ ಸಂಬಳದ ದರ್ಜೆ), 12 ತಿಂಗಳ ಗುತ್ತಿಗೆ. ಇನ್ನು ಒಂಬತ್ತು ದಿನ ಇದೆ. ದಿನವಿಡೀ ಏನು ಮಾಡಬೇಕಾಗುತ್ತದೆ? ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ? ನನ್ನ ಡಿಗ್ರಿ ನಡೆಯುತ್ತದಾ? ಮೈಸೂರಿನಲ್ಲಿ ಓದು-ಬರಹದ ತೊಂದರೆ ಇರುವ, ಅಂದರೆ ಡಿಸ್ಲೆಕ್ಸಿಯಾ ಮಕ್ಕಳ ಜೊತೆ ಕೆಲಸ ಮಾಡಿದ್ದನ್ನೇ ಅರ್ಜಿಯಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಅದು ಪ್ಲಸ್ ಪಾಯಿಂಟ್ ಅಲ್ವಾ?

ಮಿಡ್‌ಲ್ಯಾಂಡ್ಸ್_ಮಳೆ
ಭಾನುವಾರ, ರಾತ್ರಿ 11:25

ಕರೆ ಬಂದಿದ್ದೇ ದೊಡ್ಡದು, ಖುಷಿಪಡಿ. ಆದರೆ ಮೊದಲು ಒಂದು ಗುಂಡಿ ತೋರಿಸುತ್ತೇನೆ. ಆರು ವರ್ಷದ ಹಿಂದೆ ನಾನೂ ಅದರಲ್ಲೇ ಬಿದ್ದು ಎದ್ದವನು.

ನಮ್ಮೂರಲ್ಲಿ ಲರ್ನಿಂಗ್ ಡಿಸೆಬಿಲಿಟಿ ಅಂದರೆ ಡಿಸ್ಲೆಕ್ಸಿಯಾ ಅಂತಲೇ ಎಲ್ಲರಿಗೂ ಅರ್ಥ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲೂ ಅದು ಬೇರೆ, ಬೌದ್ಧಿಕ ಅಂಗವೈಕಲ್ಯ ಬೇರೆ. ಇಂಗ್ಲೆಂಡಿನಲ್ಲಿ ಲರ್ನಿಂಗ್ ಡಿಸೆಬಿಲಿಟಿ ಅಂದರೆ ಬೌದ್ಧಿಕ ಅಂಗವೈಕಲ್ಯವೇ. ಡಿಸ್ಲೆಕ್ಸಿಯಾಗೆ ಇಲ್ಲಿ ಲರ್ನಿಂಗ್ ಡಿಫಿಕಲ್ಟಿ ಅನ್ನುತ್ತಾರೆ. ಈ ತಂಡ ಅವರನ್ನು ನೋಡುವುದೇ ಇಲ್ಲ.

2001ರಲ್ಲಿ ಇಲ್ಲಿನ ಸರ್ಕಾರ ತಂದ 'ವ್ಯಾಲ್ಯೂಯಿಂಗ್ ಪೀಪಲ್' ಅನ್ನುವ ಶ್ವೇತಪತ್ರದ ವ್ಯಾಖ್ಯೆಯನ್ನೇ ಇವತ್ತಿಗೂ ಎಲ್ಲರೂ ಹೇಳುವುದು. ಹೊಸದನ್ನು ಅರ್ಥ ಮಾಡಿಕೊಳ್ಳುವ, ಕಲಿಯುವ ಶಕ್ತಿ ಬಹಳ ಕಡಿಮೆ ಇರಬೇಕು. ಸ್ವಂತವಾಗಿ ಬದುಕು ನಡೆಸುವುದೂ ಕಷ್ಟವಾಗಿರಬೇಕು. ಎರಡೂ ದೊಡ್ಡವರಾಗುವ ಮೊದಲೇ ಶುರುವಾಗಿರಬೇಕು. ಐಕ್ಯೂ 70ಕ್ಕಿಂತ ಕೆಳಗೆ ಅನ್ನುವುದು ಇದರ ಒಂದು ಭಾಗ ಅಷ್ಟೇ.

ಡಿಗ್ರಿಗೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯಿಂದ ಜಿಬಿಸಿ ಅನ್ನುವ ಮಾನ್ಯತೆ ಮಾಡಿಸಿಕೊಂಡಿದ್ದೀರಾ? ಹೊರದೇಶದ ಡಿಗ್ರಿಗೂ ಕೊಡುತ್ತಾರೆ. ಹೆಚ್ಚಿನ ಜಾಹೀರಾತುಗಳಲ್ಲಿ ಅದನ್ನು ಕೇಳಿರುತ್ತಾರೆ.

ಕುಕ್ಕರಹಳ್ಳಿ_ಕೆರೆ
ಭಾನುವಾರ, ರಾತ್ರಿ 11:31

ಅಯ್ಯೋ ದೇವರೇ. ಜಿಬಿಸಿ ಇದೆ. ಆದರೆ ಅರ್ಜಿಯಲ್ಲಿ ಒಂದು ಇಡೀ ಪ್ಯಾರಾ ಡಿಸ್ಲೆಕ್ಸಿಯಾ ಬಗ್ಗೆಯೇ ಇದೆ. "ಲರ್ನಿಂಗ್ ಡಿಸೆಬಿಲಿಟಿಯಲ್ಲಿ ಒಂದೂವರೆ ವರ್ಷದ ಅನುಭವ" ಅಂತ ದಪ್ಪ ಅಕ್ಷರದಲ್ಲಿ. ಈಗ ಏನು ಮಾಡಲಿ?

ಎಂಟು ತಿಂಗಳಿಂದ ಲರ್ನಿಂಗ್ ಡಿಸೆಬಿಲಿಟಿ ಇರುವವರ ಮನೆಯಲ್ಲೇ ಕೆಲಸ ಮಾಡುತ್ತಾ ಇದು ಹೊಳೆಯಲಿಲ್ಲ ನೋಡಿ. ಮನೆಯಲ್ಲಿ ಯಾರೂ ಆ ಪದ ಬಳಸುವುದೇ ಇಲ್ಲ, ಹೆಸರು ಹಿಡಿದು ಕರೆಯುತ್ತೇವೆ ಅಷ್ಟೇ.

ಹಳೇ_ಮೇಷ್ಟ್ರು
ಸೋಮವಾರ, ಬೆಳಿಗ್ಗೆ 6:10

ಗಾಬರಿ ಬೇಡ ತಾಯಿ. ನಾನು ಮೈಸೂರಿನಲ್ಲೇ ವಿಶೇಷ ಶಿಕ್ಷಕನಾಗಿ ನಿವೃತ್ತನಾದವನು. ಇಂಗ್ಲೆಂಡ್ ನೋಡಿಲ್ಲ, ಆದರೆ ಈ ಮಕ್ಕಳನ್ನು 31 ವರ್ಷ ನೋಡಿದ್ದೇನೆ.

ನಿಮ್ಮ ಶಾಲೆಯಲ್ಲಿ ಬಿನೆ-ಕಾಮತ್ ಬುದ್ಧಿ ಪರೀಕ್ಷೆ ನೋಡಿಯೇ ಇರುತ್ತೀರಿ. 1930ರ ದಶಕದಲ್ಲಿ ವಿ.ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗಾಗಿ ಹೊಂದಿಸಿದ್ದು. ಬಾಂಬೆ-ಕರ್ನಾಟಕ ಪರಿಷ್ಕರಣೆ ಅಂತಲೇ ಅದಕ್ಕೆ ಹೆಸರು. ಜೊತೆಗೆ ವೈನ್‌ಲ್ಯಾಂಡ್ ಸೋಶಿಯಲ್ ಮೆಚ್ಯುರಿಟಿ ಸ್ಕೇಲ್ ಇದ್ದೇ ಇರುತ್ತದೆ. ಮಗು ತಾನೇ ಉಣ್ಣುತ್ತದಾ, ಗುಂಡಿ ಹಾಕಿಕೊಳ್ಳುತ್ತದಾ, ಅಂಗಡಿಗೆ ಹೋಗಿ ಬರುತ್ತದಾ ಅಂತ ತಾಯಿಯನ್ನು ಕೇಳುವುದು. ಇವೆರಡರ ಅನುಭವ ಇದ್ದರೆ ನಿಮಗೆ ಆ ಕೆಲಸದ ಬುಡ ಗೊತ್ತು ಅಂತ ಲೆಕ್ಕ.

ನಾನು ಕಲಿತ ಒಂದೇ ಒಂದು ಮಾತು ಹೇಳುತ್ತೇನೆ. "ಸ್ನಾನ ತಾನೇ ಮಾಡ್ತಾನಾ?" ಅಂತ ಕೇಳಿದರೆ ನಮ್ಮ ತಾಯಂದಿರು "ಇಲ್ಲ ಸಾರ್" ಅನ್ನುತ್ತಾರೆ. ನಾವು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಒಮ್ಮೆ ಒಬ್ಬ ತಾಯಿಯನ್ನು ಸುಮ್ನೆ ಮತ್ತೆ ಕೇಳಿದೆ, "ಬಿಟ್ಟರೆ ಮಾಡ್ತಾನಾ?" ಅಂತ. ಆಕೆ ನಕ್ಕು, "ಯಾರು ಬಿಡ್ತಾರೆ ಸಾರ್, 19 ವರ್ಷದಿಂದ ನಾನೇ ಮಾಡಿಸ್ತಿದ್ದೀನಿ" ಅಂದರು. ಮರುದಿನ ಬಿಟ್ಟು ನೋಡಿದರಂತೆ. ಬಕೆಟ್ ನೀರೆಲ್ಲ ಖಾಲಿ, ಬಚ್ಚಲು ತುಂಬಾ ಸೋಪು, ಆದರೆ ಹುಡುಗ ಸ್ನಾನ ಮಾಡಿದ್ದ.

ಮಿಡ್‌ಲ್ಯಾಂಡ್ಸ್_ಮಳೆ
ಸೋಮವಾರ, ಬೆಳಿಗ್ಗೆ 8:02

ಮೇಷ್ಟ್ರೇ, ಇಲ್ಲಿ ಬಳಸುವ ಏಬಾಸ್ ಅನ್ನುವ ಪ್ರಶ್ನಾವಳಿಯಲ್ಲಿ ನೀವು ಹೇಳಿದ್ದಕ್ಕೇ ಎರಡು ಬೇರೆ ಅಂಕ ಇಟ್ಟಿದ್ದಾರೆ. ಮಾಡಲು ಆಗುವುದೇ ಇಲ್ಲ ಅಂದರೆ 0. ಆಗುತ್ತದೆ, ಆದರೆ ಬೇಕಾದಾಗ ಮಾಡುವುದಿಲ್ಲ ಅಂದರೆ 1. ಮನೆಯವರು ಸಾಮಾನ್ಯವಾಗಿ ಎರಡನ್ನೂ ಒಂದೇ ಅಂದುಕೊಂಡು ತುಂಬುತ್ತಾರೆ. ಫಾರ್ಮ್ ಅಂಚೆಯಲ್ಲಿ ಕಳಿಸಿ ವಾಪಸ್ ತರಿಸಿಕೊಂಡರೆ ಸಿಗುವುದು ಬರೀ ಸಂಖ್ಯೆ. ಮನೆಗೆ ಹೋಗಿ ಕೂತು ಕೇಳಿದರೆ ಬಕೆಟ್ ಕತೆ ಸಿಗುತ್ತದೆ.

ಕುಕ್ಕರಹಳ್ಳಿಯವರೇ, ಇಂಟರ್‌ವ್ಯೂನಲ್ಲಿ ಇದನ್ನು ನಿಮ್ಮ ಮೈಸೂರಿನ ಉದಾಹರಣೆಯಲ್ಲೇ ಹೇಳಿ.

ನಾಲ್ಕನೇ_ಬ್ಯಾಂಡ್
ಸೋಮವಾರ, ಸಂಜೆ 7:48

ನಾನು ಸದ್ಯ ಇದೇ ಕುರ್ಚಿಯಲ್ಲಿ ಕೂತಿರುವವಳು. ಎರಡನೇ ಗುತ್ತಿಗೆ. ದಿನವಿಡೀ ಏನು ಅಂತ ಕೇಳಿದಿರಿ. ಕಾರ್ ಓಡಿಸುವುದು, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟು ನೋಟ್ಸ್ ಬರೆಯುವುದು, ಲ್ಯಾಮಿನೇಟಿಂಗ್ ಮೆಷಿನ್ ಜೊತೆ ಜಗಳ. ತಮಾಷೆ ಅಲ್ಲ, ಈಸಿ ರೀಡ್ ಹಾಳೆ, ಚಿತ್ರದ ಟೈಮ್‌ಟೇಬಲ್, ಎಲ್ಲ ಲ್ಯಾಮಿನೇಟ್ ಆಗಲೇಬೇಕು. ಇಲ್ಲದಿದ್ದರೆ ಮೊದಲ ವಾರವೇ ಚಹಾ ಬಿದ್ದು ಹಾಳು.

ಉಳಿದದ್ದು: ರೆಫರಲ್ (ತಂಡಕ್ಕೆ ಹೊಸದಾಗಿ ಕಳಿಸಿದವರ) ಮೀಟಿಂಗ್, ವೇಯ್ಸ್ ಅನ್ನುವ ಐಕ್ಯೂ ಪರೀಕ್ಷೆ ಮಾಡಿಸುವುದು (ಫಲಿತಾಂಶದ ಅರ್ಥ ಹೇಳುವುದು ಕ್ವಾಲಿಫೈಡ್ ಸೈಕಾಲಜಿಸ್ಟ್, ನಾವಲ್ಲ), ಆತಂಕ, ಕೋಪದ ಬಗ್ಗೆ ಗುಂಪು ನಡೆಸುವುದು, ಕೇರ್ ಹೋಮ್ ಸಿಬ್ಬಂದಿಗೆ ತರಬೇತಿ. ವಾರಕ್ಕೊಂದು ಗಂಟೆ ಸೂಪರ್‌ವಿಷನ್. ಅದನ್ನು ಯಾರಿಗೂ ಬಿಟ್ಟುಕೊಡಬೇಡಿ.

ಆದರೆ ಜಾಸ್ತಿ ಹೊತ್ತು ಹೋಗುವುದು ಸುಮ್ನೆ ಕೂತು ನೋಡುವುದರಲ್ಲಿ. ಒಂದು ಉದಾಹರಣೆ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಐವತ್ತು ದಾಟಿದ ಒಬ್ಬರು. ಮಾತಿಲ್ಲ, ಕೆಲವು ಮಕಾಟನ್ ಸನ್ನೆ ಮಾತ್ರ. ಚಹಾ ಕಪ್ ಎತ್ತಿ ಎಸೆಯುತ್ತಾರೆ ಅಂತ ರೆಫರಲ್. ಮನೆಯ ಸಿಬ್ಬಂದಿಗೆ ಎಬಿಸಿ ಚಾರ್ಟ್ ಕೊಟ್ಟೆವು. ಮೊದಲು ಏನಾಯಿತು, ಆಮೇಲೆ ಅವರೇನು ಮಾಡಿದರು, ಅದಾದ ಮೇಲೆ ಏನಾಯಿತು ಅಂತ ಮೂರು ಕಾಲಂ. ಮೂರು ವಾರದಲ್ಲಿ 19 ಸಲ ಬರೆದಿದ್ದರು. ಮೊದಲ ಕಾಲಂನಲ್ಲಿ 14 ಸಲ ಒಂದೇ ಮಾತು: "ಏನೂ ಇಲ್ಲ". ಮೂರನೇ ಕಾಲಂ: "ಎಲ್ಲರೂ ಓಡಿ ಬಂದೆವು". ನಾನು ಪುಸ್ತಕ ಓದಿದವಳಲ್ವಾ, ಗಮನ ಸೆಳೆಯುವುದಕ್ಕೆ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಸೂಪರ್‌ವೈಸರ್ ಕೇಳಿದ್ದು ಒಂದೇ. "ಕಣ್ಣು ಕೊನೆಯ ಸಲ ಯಾವಾಗ ತೋರಿಸಿದ್ದರು?" ನನಗೆ ಗೊತ್ತಿರಲಿಲ್ಲ. ಕೇಳಲು ಹೊಳೆದೂ ಇರಲಿಲ್ಲ.

ಮೂರು ಮಧ್ಯಾಹ್ನ ಹೋಗಿ ಕೂತೆ. ಎರಡನೇ ದಿನ ಜಾಗ ಇಲ್ಲದೆ ಅವರ ಎಡಗಡೆ ಕುರ್ಚಿ ಹಾಕಿಕೊಂಡೆ. ನಾನು ಪೆನ್ ತೆಗೆದರೆ ಬೆಚ್ಚಿಬಿದ್ದರು. ಅಷ್ಟು ಹೊತ್ತು ನಾನಲ್ಲಿ ಇರುವುದೇ ಅವರಿಗೆ ಗೊತ್ತಿರಲಿಲ್ಲ. ಆಗ ಕಂಡಿತು. ಹಳೇ ಸಿಬ್ಬಂದಿ ಕಪ್ಪನ್ನು ಬಲಗಡೆ ಇಡುತ್ತಿದ್ದರು, ಯಾಕೆ ಅಂತ ಅವರಿಗೂ ಗೊತ್ತಿಲ್ಲ, ಅಭ್ಯಾಸ. ಏಜೆನ್ಸಿಯಿಂದ ಬಂದ ಹೊಸಬರು ಅಡುಗೆಮನೆ ಬಾಗಿಲಿನ ಕಡೆಯಿಂದ ಬಂದು ಎಡಗಡೆ ಇಡುತ್ತಿದ್ದರು. ಕಾಣದ ಕಪ್ಪಿಗೆ ಕೈ ತಗಲುತ್ತಿತ್ತು, ಬಿಸಿ ಚಹಾ ತೊಡೆಯ ಮೇಲೆ. ಕಿರುಚುತ್ತಿದ್ದರು, ಕಪ್ ದೂಡುತ್ತಿದ್ದರು. ಎಲ್ಲರೂ ಓಡಿ ಬರುತ್ತಿದ್ದರು. ಎಡಗಣ್ಣಿನಲ್ಲಿ ದಪ್ಪ ಪೊರೆ ಇತ್ತು.

ಚಾರ್ಟಿನಲ್ಲಿ "ಏನೂ ಇಲ್ಲ" ಅಂತ ಬರೆದವರು ಸುಳ್ಳು ಬರೆದಿರಲಿಲ್ಲ. ಅವರು ನಿಂತ ಕಡೆಯಿಂದ ಏನೂ ಇರಲಿಲ್ಲ.

ಧಾರವಾಡ_ಪೇಡೆ
ಸೋಮವಾರ, ರಾತ್ರಿ 9:15

ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬ್ಯಾಡ್ರಿ. ಕಪ್ ಎಡಕ್ಕಿತ್ತೋ ಬಲಕ್ಕಿತ್ತೋ ನೋಡೋದಕ್ಕೆ ಎಂ.ಎಸ್‌ಸಿ ಯಾಕೆ ಬೇಕು? ನನ್ನ ತಂಗಿ ಇದೇ ಸೈಕಾಲಜಿ ಓದುತ್ತಿದ್ದಾಳೆ. ನಮ್ಮಲ್ಲಿ ಇಷ್ಟು ವರ್ಷ ಎಂ.ಎಸ್‌ಸಿ ಮೇಲೆ ಎರಡು ವರ್ಷ ಎಂ.ಫಿಲ್ ಮಾಡಿ, ಆರ್‌ಸಿಐ (ಭಾರತದ ಪುನರ್ವಸತಿ ಪರಿಷತ್ತು) ನೋಂದಣಿ ಆದರೆ ನೇರ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುತ್ತಿದ್ದರು. ಅಲ್ಲಿ ನೋಡಿದರೆ ಡಿಗ್ರಿ ಇಟ್ಟುಕೊಂಡು ಲ್ಯಾಮಿನೇಟ್ ಮಾಡುತ್ತಾ ವರ್ಷಗಟ್ಟಲೆ ಅಸಿಸ್ಟೆಂಟ್. ಸಂಬಳ ಆದರೂ ಎಷ್ಟು?

ನಾಲ್ಕನೇ_ಬ್ಯಾಂಡ್
ಸೋಮವಾರ, ರಾತ್ರಿ 9:40

2025-26ರ ಪಟ್ಟಿಯಲ್ಲಿ ಬ್ಯಾಂಡ್ 4 ಅಂದರೆ ವರ್ಷಕ್ಕೆ ಸುಮಾರು 27,500ರಿಂದ 30,000 ಪೌಂಡ್. ಬಾಡಿಗೆ ಕಟ್ಟಿದ ಮೇಲೆ ಮೈಸೂರ್ ಪಾಕ್ ತಿನ್ನುವಷ್ಟು ಉಳಿಯುತ್ತದೆ.

ನೀವು ಕೇಳಿದ್ದು ತಪ್ಪಲ್ಲ. ಅಸಿಸ್ಟೆಂಟ್ ಸೈಕಾಲಜಿಸ್ಟ್ ಅನ್ನುವುದು ಕಾನೂನಿನ ರಕ್ಷಣೆ ಇರುವ ಹೆಸರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವ ಹೆಸರಿಗೆ ರಕ್ಷಣೆ ಇದೆ, 2009ರಿಂದ ಎಚ್‌ಸಿಪಿಸಿ (ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆ) ನೋಂದಣಿ ಬೇಕು. ಅದಕ್ಕೆ ಮೂರು ವರ್ಷದ ಡಾಕ್ಟರೇಟ್. ಆ ಮೂರು ವರ್ಷ ಬ್ಯಾಂಡ್ 6 ಸಂಬಳ ಕೊಟ್ಟು ಓದಿಸುತ್ತಾರೆ, ಮುಗಿದರೆ ಬ್ಯಾಂಡ್ 7. ಅದಕ್ಕೇ ಜನ ಮುಗಿಬೀಳುವುದು. ಅರ್ಜಿಯೆಲ್ಲ ಲೀಡ್ಸ್‌ನ ಕ್ಲಿಯರಿಂಗ್ ಹೌಸ್ ಮೂಲಕ. ಹೊರದೇಶದವರಿಗೆ ಫಂಡಿಂಗ್ ನಿಯಮ ಬೇರೆ, ಮೊದಲೇ ನೋಡಿಕೊಳ್ಳಬೇಕು.

ಬಹಳ ಜನ ಎಲ್‌ಡಿ (ಲರ್ನಿಂಗ್ ಡಿಸೆಬಿಲಿಟಿ) ಕೆಲಸಕ್ಕೆ ಬರುವುದು ಮೆಟ್ಟಿಲು ಅಂತ. ನಾನೂ ಹಾಗೇ ಬಂದವಳು, ಸುಳ್ಳು ಯಾಕೆ. ಎರಡು ಸಲ ಡಾಕ್ಟರೇಟ್ ಸೀಟು ಸಿಕ್ಕಿಲ್ಲ. ಸಂಬಳವಿಲ್ಲದ ಆನರರಿ ಅಸಿಸ್ಟೆಂಟ್ ಅಂತಲೂ ಕೆಲವರು ದುಡಿಸಿಕೊಳ್ಳುತ್ತಾರೆ. ಅದಕ್ಕೆ ಮಾತ್ರ ಯಾರೂ ಹೋಗಬೇಡಿ.

ಅಕ್ಕನ_ತಮ್ಮ
ಮಂಗಳವಾರ, ರಾತ್ರಿ 12:20

ಮೆಟ್ಟಿಲು ಅಂದಿರಲ್ಲ, ಆ ಮೆಟ್ಟಿಲಿನ ಕಡೆಯಿಂದ ಒಂದು ಮಾತು.

ನನ್ನ ಅಕ್ಕನಿಗೆ 41. ಡೌನ್ ಸಿಂಡ್ರೋಮ್. ನಾವು ಇಲ್ಲಿಗೆ ಬಂದು 25 ವರ್ಷವಾಯಿತು. ಮನೆಯಲ್ಲಿ ಕನ್ನಡ, ಡೇ ಸೆಂಟರ್‌ನಲ್ಲಿ ಇಂಗ್ಲಿಷ್. ಕಳೆದ ಆರು ವರ್ಷದಲ್ಲಿ ನಮ್ಮ ಮನೆಗೆ ಐದು ಜನ ಅಸಿಸ್ಟೆಂಟ್ ಸೈಕಾಲಜಿಸ್ಟ್‌ಗಳು ಬಂದಿದ್ದಾರೆ. ಐವರೂ ಒಳ್ಳೆಯವರೇ. ಐವರೂ ಮೊದಲ ದಿನ ಅಮ್ಮನನ್ನು ಒಂದೇ ಪ್ರಶ್ನೆ ಕೇಳಿದರು: ಆಕೆಗೆ ಏನು ಇಷ್ಟ? ಅಮ್ಮ ಐದು ಸಲವೂ ಹೇಳಿದರು. ಹಳೇ ರಾಜ್‌ಕುಮಾರ್ ಹಾಡು, ಬಸ್ಸಿನ ಮೇಲಿನ ಮಹಡಿ, ಉಪ್ಪಿನಕಾಯಿ. ಫೈಲಿನಲ್ಲಿ ಇದ್ದೇ ಇರುತ್ತದಲ್ಲ, ಯಾಕೆ ಓದುವುದಿಲ್ಲ?

ಮೂರನೆಯವಳು ಗುರುವಾರ ಬರುತ್ತಿದ್ದಳು. ಅಕ್ಕ ಅವಳನ್ನು ಹೆಸರು ಹಿಡಿದು ಕರೆಯಲೇ ಇಲ್ಲ, "ಗುರುವಾರ" ಅಂತಲೇ ಕರೆದಳು. ಗುರುವಾರ ಬಂತು, ಗುರುವಾರಕ್ಕೆ ಕಾಫಿ ಕೊಡು. ಹನ್ನೊಂದು ತಿಂಗಳು ಬಂದು ಅವಳಿಗೆ ಡಾಕ್ಟರೇಟ್ ಸೀಟು ಸಿಕ್ಕಿತು. ತಂಡದಿಂದ ನಮಗೊಂದು ಪತ್ರ ಬಂತು. ಅವಳ ಕಡೆಯಿಂದ ತಪ್ಪಿಲ್ಲ ಅಂತ ನನಗೆ ಗೊತ್ತು. ಆದರೆ ಅಕ್ಕ ಎಷ್ಟೋ ವಾರ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಳು. ಗುರುವಾರ ಮಾತ್ರ.

ಇನ್ನೊಂದು. ಮರೆವಿನ ಕಾಯಿಲೆಯ ಮೊದಲ ಪರೀಕ್ಷೆ ಅಂತ ಮಾಡಿದರು. ಚಿತ್ರ ತೋರಿಸಿ ಹೆಸರು ಹೇಳಬೇಕು. ಒಂದು ಪಾತ್ರೆಯ ಚಿತ್ರಕ್ಕೆ ಅಕ್ಕ "ಚೊಂಬು" ಅಂದಳು. ಅಸಿಸ್ಟೆಂಟ್ ಒಂದು ಕ್ಷಣ ತಡೆದು, ತಪ್ಪು ಅಂತ ಗುರುತು ಹಾಕಿದ. ಪಕ್ಕದಲ್ಲಿದ್ದ ಅಮ್ಮ, "ನಮ್ಮನೇಲಿ ಅದು ಚೊಂಬೇ" ಅಂದರು, ಕನ್ನಡದಲ್ಲಿ. ಅವನಿಗೆ ಅರ್ಥವಾಗಲಿಲ್ಲ. ನಾನು ಕೆಲಸದಲ್ಲಿದ್ದೆ.

ಮಿಡ್‌ಲ್ಯಾಂಡ್ಸ್_ಮಳೆ
ಮಂಗಳವಾರ, ಬೆಳಿಗ್ಗೆ 7:30

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಚೊಂಬಿನ ವಿಷಯ ಸಣ್ಣದಲ್ಲ. ಆ ಪರೀಕ್ಷೆ ಯಾಕೆ ಅಂತ ಬೇರೆಯವರಿಗೂ ಗೊತ್ತಾಗಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ಕ್ರೋಮೋಸೋಮ್ ಒಂದು ಹೆಚ್ಚು ಇರುತ್ತದೆ. ಆಲ್‌ಜೈಮರ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ತಯಾರಾಗುವ ಜೀನ್ ಇರುವುದೂ ಅದರಲ್ಲೇ. ಹಾಗಾಗಿ ಅವರಿಗೆ ಆ ಕಾಯಿಲೆ ಬೇರೆಯವರಿಗಿಂತ ಎಷ್ಟೋ ಮೊದಲೇ, ನಲವತ್ತು-ಐವತ್ತರಲ್ಲೇ ಬರಬಹುದು. ಅದಕ್ಕೇ 30ರ ಆಸುಪಾಸಿನಲ್ಲಿ, ಚೆನ್ನಾಗಿರುವಾಗಲೇ, ಒಮ್ಮೆ ನೋಡಿ ಬರೆದಿಡುತ್ತಾರೆ. ಮುಂದೆ ಹೋಲಿಸುವುದು ಬೇರೆಯವರ ಜೊತೆ ಅಲ್ಲ, ಅವರ ಜೊತೆಗೇ. ಮೊದಲ ಸಲವೇ ಚೊಂಬನ್ನು ತಪ್ಪು ಅಂತ ಬರೆದರೆ ಮುಂದೆ ಹೋಲಿಸುವ ಲೆಕ್ಕವೇ ಕೆಡುತ್ತದೆ. ನಾಳೆ ಆಕೆ ಚೊಂಬು ಅನ್ನುವುದನ್ನೂ ಮರೆತರೆ, ಕಾಗದದಲ್ಲಿ ಏನೂ ಬದಲಾಗಿರುವುದಿಲ್ಲ.

ನೀವು ತಂಡಕ್ಕೆ ಫೋನ್ ಮಾಡಿ. ಇಂಟರ್‌ಪ್ರಿಟರ್ ಕೇಳುವುದು ನಿಮ್ಮ ಹಕ್ಕು. ಕನ್ನಡದವರು ಸಿಗುವುದು ಕಷ್ಟ, ಹಿಂದಿಯವರನ್ನು ಕಳಿಸುತ್ತಾರೆ, ಒಪ್ಪಬೇಡಿ. ಜೊತೆಗೆ ಮನೆಯಲ್ಲಿ ಯಾವ ವಸ್ತುವಿಗೆ ಏನು ಪದ ಅಂತ ಒಂದು ಪಟ್ಟಿ ಮಾಡಿ ಫೈಲಿಗೆ ಸೇರಿಸಲು ಹೇಳಿ.

ಗುರುವಾರದ ಬಗ್ಗೆ ಏನು ಹೇಳಲಿ? ನಾನು ಅಸಿಸ್ಟೆಂಟ್ ಆಗಿದ್ದಾಗ ಮೊದಲ ಸಲ ಹೀಗೇ ಬಿಟ್ಟು ಬಂದಿದ್ದೆ. ಕೊನೆಯ ವಾರ ಅವರಿಗೆ ಜ್ವರ, ಭೇಟಿ ರದ್ದಾಯಿತು, ನನ್ನ ಗುತ್ತಿಗೆ ಮುಗಿಯಿತು. ಮುಂದಿನ ಕೆಲಸದಲ್ಲಿ ಮೊದಲ ದಿನವೇ ಒಂದು ಹಾಳೆ ಒಯ್ಯುತ್ತಿದ್ದೆ. ನನ್ನ ಫೋಟೋ, ಎಷ್ಟು ಸಲ ಬರುತ್ತೇನೋ ಅಷ್ಟು ಚೌಕ, ಕೊನೆಯ ಚೌಕದಲ್ಲಿ ಟಾಟಾ ಮಾಡುವ ಕೈ. ಪ್ರತಿ ಸಲ ಅವರೇ ಒಂದು ಚೌಕ ಹೊಡೆಯಬೇಕು. ಒಬ್ಬರು ಅರ್ಧಕ್ಕೇ ಎಲ್ಲ ಚೌಕ ಹೊಡೆದು ನನ್ನನ್ನು ಆಚೆ ಕಳಿಸಿದರು. ಅದೂ ಸರಿ ಅನ್ನಿ.

ಧಾರವಾಡ_ಪೇಡೆ
ಮಂಗಳವಾರ, ಮಧ್ಯಾಹ್ನ 1:05

ನಿನ್ನೆ ಸ್ವಲ್ಪ ಜೋರಾಗಿಯೇ ಬರೆದೆ, ತಪ್ಪಾಯಿತು. ನಮ್ಮ ಕಾಕಾನ ಮಗ ಒಬ್ಬನಿದ್ದಾನೆ, 26 ವರ್ಷ. ಮನೆಯಲ್ಲಿ "ಅವನು ಸ್ವಲ್ಪ ನಿಧಾನ" ಅಂತ ಹೇಳಿ ಮುಗಿಸಿಬಿಡುತ್ತಾರೆ. ಒಮ್ಮೊಮ್ಮೆ ತಲೆ ಗೋಡೆಗೆ ಬಡಿದುಕೊಳ್ಳುತ್ತಾನೆ. ಹಠ ಅಂತಾರೆ. ಇಂಗ್ಲೆಂಡಿನಲ್ಲಾದರೆ ಇಂಥ ತಂಡ ಮನೆಗೆ ಬರುತ್ತದೆ. ನಮ್ಮಲ್ಲಿ ಯಾರಿಗೆ ತೋರಿಸೋದು ಮೇಷ್ಟ್ರೇ?

ಹಳೇ_ಮೇಷ್ಟ್ರು
ಮಂಗಳವಾರ, ಮಧ್ಯಾಹ್ನ 3:30

ತಲೆ ಬಡಿದುಕೊಳ್ಳುವವನಿಗೆ ಮೊದಲು ಹಲ್ಲು, ಕಿವಿ ತೋರಿಸಿ. ಆಮೇಲೆ ಮಿಕ್ಕಿದ್ದು. ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆಯಲ್ಲ, ಅಲ್ಲಿ ಹೋಗಿ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಇಲ್ಲದಿದ್ದರೆ ಮಾಡಿಸಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನಿರಾಮಯ ಅಂತ ಆರೋಗ್ಯ ವಿಮೆ ಇದೆ, 1 ಲಕ್ಷದವರೆಗೆ. 18 ದಾಟಿದವನಿಗೆ ಕಾನೂನುಬದ್ಧ ಪೋಷಕರು ಬೇಕಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು.

ಮತ್ತೆ ಆ ಎಬಿಸಿ ಚಾರ್ಟ್‌ಗೆ ಸೈಕಾಲಜಿಸ್ಟ್ ಬೇಕಿಲ್ಲ. ಗೋಡೆ ಕ್ಯಾಲೆಂಡರಿನ ಹಿಂದೆ ಬರೆಯಲು ಕಾಕಿಗೆ ಹೇಳಿ. ಎಷ್ಟು ಗಂಟೆ, ಅದಕ್ಕೆ ಮೊದಲು ಯಾರು ಬಂದರು, ಏನು ತಿಂದ. ಹದಿನೈದು ದಿನ ಸಾಕು.

ನಾಲ್ಕನೇ_ಬ್ಯಾಂಡ್
ಮಂಗಳವಾರ, ರಾತ್ರಿ 8:20

ಇಂಟರ್‌ವ್ಯೂ ಬಗ್ಗೆಯೂ ಕೇಳಿದ್ದಿರಿ, ಈಗ ಅದನ್ನು ಬರೆಯುತ್ತೇನೆ.

2011ರ ವಿಂಟರ್‌ಬೋರ್ನ್ ವ್ಯೂ ಓದಿಕೊಳ್ಳಿ. ಬ್ರಿಸ್ಟಲ್ ಹತ್ತಿರದ ಒಂದು ಖಾಸಗಿ ಆಸ್ಪತ್ರೆ. ಎಲ್‌ಡಿ ಇರುವವರನ್ನು ಸಿಬ್ಬಂದಿ ಹೊಡೆಯುವುದು, ನೆಲಕ್ಕೆ ಒತ್ತಿ ಹಿಡಿಯುವುದನ್ನು ಬಿಬಿಸಿ ಪನೋರಮಾ ಗುಪ್ತ ಕ್ಯಾಮೆರಾದಲ್ಲಿ ತೋರಿಸಿತು. 11 ಜನಕ್ಕೆ ಶಿಕ್ಷೆಯಾಯಿತು. ಆಮೇಲೆ ಬಂದ ನೀತಿಗಳಿಗೆಲ್ಲ ಅದೇ ಬೇರು. ನಮ್ಮ ತಂಡಗಳ ಅರ್ಧ ಕೆಲಸವೇ ಜನ ಅಂಥ ಜಾಗಕ್ಕೆ ಹೋಗದ ಹಾಗೆ ನೋಡಿಕೊಳ್ಳುವುದು.

ಇನ್ನೊಂದು, 2016ರ 'ಸ್ಟಾಂಪ್'. ಬೇಡದ ಮಾತ್ರೆ ನಿಲ್ಲಿಸುವ ಯೋಜನೆ. ಇಂಗ್ಲೆಂಡಿನಲ್ಲಿ ಎಲ್‌ಡಿ ಇರುವ 30,000ದಿಂದ 35,000 ವಯಸ್ಕರು ತಕ್ಕ ಕಾರಣವಿಲ್ಲದೆ ಆಂಟಿಸೈಕೋಟಿಕ್ ಅಥವಾ ಆಂಟಿಡಿಪ್ರೆಸೆಂಟ್ ಮಾತ್ರೆಯಲ್ಲಿದ್ದಾರೆ ಅಂತ 2015ರಲ್ಲಿ ಸರ್ಕಾರಿ ಸಂಸ್ಥೆಯೇ ಅಂದಾಜು ಮಾಡಿತ್ತು. ಆಲಿವರ್ ಮೆಕ್‌ಗವನ್ ಹೆಸರಿನ ಕಡ್ಡಾಯ ತರಬೇತಿ ನೀವು ಈಗಾಗಲೇ ಮಾಡಿರಬೇಕು. ಆ ಹುಡುಗ 18ಕ್ಕೇ ತೀರಿಕೊಂಡ. ಆಂಟಿಸೈಕೋಟಿಕ್ ಬೇಡ ಅಂತ ಅವನೂ ಹೇಳಿದ್ದ, ಮನೆಯವರೂ ಹೇಳಿದ್ದರು. ಕೊಟ್ಟರು. ತರಬೇತಿಯನ್ನು ಬರೀ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ.

ಮೆಂಟಲ್ ಕೆಪ್ಯಾಸಿಟಿ ಆಕ್ಟ್ 2005 ಖಂಡಿತ ಬರುತ್ತದೆ. ಯಾರಾದರೂ ತಿಂಗಳ ದುಡ್ಡನ್ನೆಲ್ಲ ಒಂದೇ ದಿನ ಮ್ಯಾಗಜೀನ್ ಮೇಲೆ ಖರ್ಚು ಮಾಡುತ್ತಾರೆ, ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ದಡ್ಡ ನಿರ್ಧಾರ ಮಾಡಿದ ಮಾತ್ರಕ್ಕೆ ನಿರ್ಧಾರ ಮಾಡುವ ಶಕ್ತಿ ಇಲ್ಲ ಅಂತಲ್ಲ. ಅದು ಕಾಯ್ದೆಯ ಮಾತು. ನಾನು ಸೀರೆ ಸೇಲ್‌ನಲ್ಲಿ ಮಾಡುವುದೂ ಅದನ್ನೇ. ವಿಷಯ ಅರ್ಥವಾಗುತ್ತದಾ, ನೆನಪಿನಲ್ಲಿ ಇಟ್ಟುಕೊಳ್ಳುತ್ತಾರಾ, ತೂಗಿ ನೋಡುತ್ತಾರಾ, ಹೇಗಾದರೂ ಮಾಡಿ ತಿಳಿಸುತ್ತಾರಾ. ಈ ನಾಲ್ಕನ್ನು ಆ ಒಂದು ನಿರ್ಧಾರಕ್ಕೆ ಮಾತ್ರ ನೋಡಬೇಕು.

ಕೊನೆಗೆ, "ಸಿಬ್ಬಂದಿ ಇದೆಲ್ಲ ನಾಟಕ ಅನ್ನುತ್ತಾರೆ, ನೀವೇನು ಹೇಳುತ್ತೀರಿ?" ಅಂತ ಕೇಳಿದರೆ ಅವರಿಗೆ ಉಪದೇಶ ಮಾಡುತ್ತೇನೆ ಅನ್ನಬೇಡಿ. ನೀವು ಎಂಟು ತಿಂಗಳು ಆ ಸಿಬ್ಬಂದಿಯೇ ಆಗಿದ್ದವರು. ಬೆಳಗಿನ ಜಾವ ನಾಲ್ಕಕ್ಕೆ ಒದೆ ತಿಂದಾಗ ಹೇಗನ್ನಿಸಿತ್ತು ಅಂತ ಹೇಳಿ. ಬೇರೆ ಅಭ್ಯರ್ಥಿಗಳಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಿರುವುದಿಲ್ಲ.

ಕಾರ್ ಇದೆಯಾ? ನಮ್ಮ ತಂಡದಲ್ಲಿ ಕಾರಿಲ್ಲದೆ ಕಷ್ಟ.

ಕುಕ್ಕರಹಳ್ಳಿ_ಕೆರೆ
ಮಂಗಳವಾರ, ರಾತ್ರಿ 8:51

ಕಾರೂ ಇಲ್ಲ, ಲೈಸೆನ್ಸೂ ಇಲ್ಲ. ಮೈಸೂರಿನ ಲೈಸೆನ್ಸ್‌ನಲ್ಲಿ ಇಲ್ಲಿ 12 ತಿಂಗಳು ಮಾತ್ರ ಓಡಿಸಬಹುದಂತೆ, ಅದು ಮುಗಿದು ವರ್ಷವಾಯಿತು. ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೇನೆ. ಅಕ್ಕನ ತಮ್ಮ, ನಿಮ್ಮದನ್ನು ಎರಡು ಸಲ ಓದಿದೆ.

ಕುಕ್ಕರಹಳ್ಳಿ_ಕೆರೆ
ಮುಂದಿನ ಬುಧವಾರ, ಸಂಜೆ 6:15

ನಿನ್ನೆ ಆಯಿತು. ಬರೆಯದೆ ಇರಲಾಗುತ್ತಿಲ್ಲ.

ಮೂರು ಜನ ಇದ್ದರು. ಇಬ್ಬರು ಸೈಕಾಲಜಿಸ್ಟ್‌ಗಳು, ಮತ್ತೊಬ್ಬರು ಅದೇ ಸೇವೆ ಪಡೆಯುವವರು, ಸ್ವತಃ ಎಲ್‌ಡಿ ಇರುವವರು. ಇದನ್ನು ಯಾರೂ ಹೇಳಿರಲಿಲ್ಲ ನನಗೆ! ಅವರ ಕೈಯಲ್ಲೊಂದು ಹಾಳೆ, ಅದರಲ್ಲಿ ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ.

ಮೊದಲ ಪ್ರಶ್ನೆಯೇ ಡಿಸ್ಲೆಕ್ಸಿಯಾ ಪ್ಯಾರಾದ ಮೇಲೆ. ಪದದ ಅರ್ಥ ತಪ್ಪು ತಿಳಿದಿದ್ದೆ, ಕಳೆದ ವಾರ ಗೊತ್ತಾಯಿತು ಅಂತ ನೇರ ಹೇಳಿಬಿಟ್ಟೆ. ಇಬ್ಬರೂ ನಕ್ಕರು. ಆಮೇಲೆ ಮೇಷ್ಟ್ರ ಬಕೆಟ್ ಕತೆ ಹೇಳಿದೆ, ನನ್ನದಲ್ಲ, ಮೈಸೂರಿನ ಹಿರಿಯರೊಬ್ಬರದು ಅಂತ ಹೇಳಿಯೇ. ಕೆಪ್ಯಾಸಿಟಿ ಪ್ರಶ್ನೆ ಬಂತು. ಮ್ಯಾಗಜೀನ್ ಅಲ್ಲ, ಒಂದು ನಾಯಿ. ಪನೋರಮಾ ಕೇಳಲಿಲ್ಲ.

ಕೊನೆಯಲ್ಲಿ ಹಾಳೆ ಹಿಡಿದವರ ಸರದಿ. ಅವರಿಗೆ ಇದ್ದದ್ದು ಒಂದೇ ಪ್ರಶ್ನೆ. "ಬರ್ತೀನಿ ಅಂದ ದಿನ ಬರ್ತೀಯಾ?"

ನನಗೆ ಗುರುವಾರ ನೆನಪಾಯಿತು. ಸಿದ್ಧ ಮಾಡಿಕೊಂಡಿದ್ದ ಉತ್ತರ ಒಂದೂ ಬಾಯಿಗೆ ಬರಲಿಲ್ಲ. ನನ್ನ ಹತ್ತಿರ ಕಾರಿಲ್ಲ, ನಮ್ಮ ರಸ್ತೆಯ ಬಸ್ಸು ದಿನಾ ಲೇಟು, ಲೇಟಾದರೆ ಬಸ್‌ಸ್ಟಾಪಿನಿಂದಲೇ ಫೋನ್ ಮಾಡುತ್ತೇನೆ ಅಂದೆ. ಅವರು ಇನ್ನೊಬ್ಬರ ಕಡೆ ತಿರುಗಿ, "ಆ ಬಸ್ಸು ನನಗೂ ಗೊತ್ತು, ನಿಜವಾಗ್ಲೂ ಲೇಟೇ" ಅಂದರು. ಯಾವ ಮುಖಕ್ಕೆ ಗುರುತು ಹಾಕಿದರೋ ಕಾಣಲಿಲ್ಲ, ಕೈ ಅಡ್ಡ ಇಟ್ಟುಕೊಂಡಿದ್ದರು.

ಇವತ್ತು ನಾಲ್ಕಕ್ಕೆ ಫೋನ್ ಬಂತು. ಕೆಲಸ ಸಿಕ್ಕಿದೆ. ಡಿಬಿಎಸ್ ಚೆಕ್ (ಅಪರಾಧ ದಾಖಲೆ ಪರಿಶೀಲನೆ), ರೆಫರೆನ್ಸ್ ಮುಗಿದ ಮೇಲೆ ಶುರು.

ಧಾರವಾಡ_ಪೇಡೆ
ಬುಧವಾರ, ಸಂಜೆ 6:30

ಪೇಡೆ ನನ್ನ ಕಡೆಯಿಂದ. ಕಾಕಿ ಕ್ಯಾಲೆಂಡರ್ ಹಿಂದೆ ಬರೆಯುತ್ತಿದ್ದಾರೆ. ಎಂಟು ದಿನದಲ್ಲಿ ಆರು ಸಲ, ಎಲ್ಲ ಊಟದ ಹೊತ್ತಿಗೇ. ಶನಿವಾರ ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇವೆ.

ಅಕ್ಕನ_ತಮ್ಮ
ಬುಧವಾರ, ರಾತ್ರಿ 9:10

ಅಭಿನಂದನೆ. ನಾವು ತಂಡಕ್ಕೆ ಫೋನ್ ಮಾಡಿದೆವು. ಪರೀಕ್ಷೆ ಮತ್ತೆ ಮಾಡುತ್ತಾರಂತೆ, ಅಮ್ಮ 43 ಪದದ ಪಟ್ಟಿ ಮಾಡಿಟ್ಟಿದ್ದಾರೆ. ಚೊಂಬು ಮೊದಲನೆಯದು.

ಮೈಸೂರಿನ ಒಬ್ಬರಿಗೆ ಹೀಗೆ ಕೆಲಸ ಸಿಕ್ಕಿತು ಅಂತ ಅಕ್ಕನಿಗೆ ಹೇಳಿದೆ. ಯಾವಾಗ ಬರ್ತಾಳೆ ಅಂತ ಕೇಳುತ್ತಾಳೆ ಅಂದುಕೊಂಡಿದ್ದೆ. "ಯಾವಾಗ ಹೋಗ್ತಾಳೆ?" ಅಂತ ಕೇಳಿದಳು.

ಕುಕ್ಕರಹಳ್ಳಿ_ಕೆರೆ
ಬುಧವಾರ, ರಾತ್ರಿ 9:22

12 ತಿಂಗಳು ಅಂತ ಹೇಳಿ. ಚೌಕದ ಹಾಳೆ ಈಗಲೇ ಮಾಡಿಟ್ಟಿದ್ದೇನೆ. ಮಿಡ್‌ಲ್ಯಾಂಡ್ಸ್ ಅವರೇ, ಟಾಟಾ ಮಾಡುವ ಕೈಯ ಚಿತ್ರ ಎಲ್ಲಿ ಸಿಗುತ್ತದೆ? ನಾನು ಬರೆದದ್ದು ನಿಲ್ಲು ಅನ್ನುವ ಪೊಲೀಸ್ ಕೈ ಥರ ಆಗಿದೆ.

ನಾಲ್ಕನೇ_ಬ್ಯಾಂಡ್
ಬುಧವಾರ, ರಾತ್ರಿ 9:25

ನನ್ನ ಹತ್ತಿರ ಇದೆ, ಕಳಿಸುತ್ತೇನೆ. ಲ್ಯಾಮಿನೇಟ್ ಮಾಡುವುದು ಮರೆಯಬೇಡಿ. ಡ್ರೈವಿಂಗ್ ಥಿಯರಿ ಟೆಸ್ಟ್ ಬುಕ್ ಮಾಡಿದಿರಾ?